ಕಚ್ಚಿಕೊಂಡ ಡ್ರಮ್ಮೂ ನಮ್ಮ ಮನೆ ವಿಷಯವೇ

ಮಳೆಗಾಲ ಕಳೆದು ನವರಾತ್ರಿ ಹತ್ತಿರ ಬಂತು ಅಂದ್ರೆ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಹಳೇ ಕಾರು ಇಟ್ಕೊಂಡಿರೋ ಮನೆಗಳಲ್ಲಿ ಒಂದೇ ಥರದ ಸದ್ದು ಏಳತ್ತೆ. ಢಣ್, ಢಣ್, ಢಣ್. ಜೂನ್ ತಿಂಗಳಿಂದ ಶೆಡ್ಡಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಅಂಬಾಸಿಡರೋ ಪದ್ಮಿನಿಯೋ ಆಯುಧಪೂಜೆಗೆ ಹೊರಗೆ ಬರಬೇಕು. ಆದ್ರೆ ಹಿಂದಿನ ಚಕ್ರ ತಿರುಗಲ್ಲ, ಬ್ರೇಕಿನ ಡ್ರಮ್ಮು ಕಚ್ಚಿಕೊಂಡು ಕೂತಿರತ್ತೆ. ಯಜಮಾನರು, ಮೈದುನ, ಪಕ್ಕದ ಮನೆ ಹುಡುಗ, ಮೂರೂ ಜನ ಸರದಿ ಮೇಲೆ ಸುತ್ತಿಗೆ ಬೀಸ್ತಿರ್ತಾರೆ. ನಾವು ಅಡಿಗೆಮನೆ ಕಿಟಕಿಯಿಂದ "ಕಾಫಿ ಆಯ್ತು ಬನ್ನಿ" ಅಂತ ಕೂಗ್ತೀವಿ. ನಮ್ಮ ಪಾಲು ಅಷ್ಟೇ ಅಂತ ಎಲ್ಲರೂ ತಿಳ್ಕೊಂಡಿದೀವಿ.

ಅಷ್ಟೇ ಅಲ್ಲ ಕಣ್ರೇ ಅನ್ನೋದು ನನ್ನ ಮಾತು. ಆ ಕೆಲಸ ನಡಿಯೋದು ನಮ್ಮ ಅಂಗಳದಲ್ಲಿ. ಜಾಕಿನ ಮೇಲೆ ನಿಂತ ಕಾರಿನ ಪಕ್ಕದಲ್ಲೇ ನಮ್ಮ ಮಕ್ಕಳು ಆಡ್ತಿರ್ತಾರೆ. ಬಿಸಿನೀರು ಹೋಗೋದು ನಮ್ಮ ಬಚ್ಚಲ ಹಂಡೆಯಿಂದ. ಕೊನೆಗೆ ಆ ಕಪ್ಪು ಧೂಳು ಹಿಡಿದ ಪ್ಯಾಂಟು ಶರ್ಟು ಬರೋದು ನಮ್ಮ ಒಗೆಯೋ ಕಲ್ಲಿಗೆ. ಇಷ್ಟೆಲ್ಲ ಇದ್ಮೇಲೆ ಅದು ಗಂಡಸರ ವಿಷಯ ಅಂತ ಹೇಗೆ ಬಿಟ್ಟುಬಿಡೋದು? ಸ್ಪ್ಯಾನರ್ ಹಿಡಿಯೋದು ಬಿಡೋದು ಅವರವರ ಇಷ್ಟ. ಆದ್ರೆ ಆ ಡ್ರಮ್ಮು ಯಾಕೆ ಕಚ್ಚಿಕೊಳತ್ತೆ, ಹೇಗೆ ಬಿಡಿಸ್ಬೇಕು, ಯಾವಾಗ "ಸಾಕು, ನಿಲ್ಸಿ" ಅನ್ನಬೇಕು ಅನ್ನೋದು ಮನೆಯ ಹೆಂಗಸರಿಗೆ ಗೊತ್ತಿರಲೇಬೇಕು.

ಮೊದಲೇ ಹೇಳಿಬಿಡ್ತೀನಿ, ನಾನು ಹಳೇ ಕಾರಿನ ವಿರೋಧಿ ಅಲ್ಲ. ನಮ್ಮ ಶೆಡ್ಡಲ್ಲೂ ಒಂದು ಅಂಬಾಸಿಡರ್ ಇದೆ. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಕಾರು ಅದು. ಫಿಯಟ್ 1100 ಅಂತ ಇದ್ದಿದ್ದು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತಾಯ್ತು. ನಮ್ಮ ಮದುವೆ ದಿಬ್ಬಣ, ಬಾಣಂತಿ ಕರ್ಕೊಂಡು ಬಂದಿದ್ದು, ಸಿಗಂದೂರಿಗೆ ಹೋಗಿದ್ದು ಎಲ್ಲ ಇವೆರಡರಲ್ಲೇ ಅಲ್ವಾ? ಭದ್ರಾವತಿ ನ್ಯೂ ಟೌನ್, ಜನ್ನಾಪುರ, ಕಾಗದನಗರ ಕಡೆ ಇರೋ ನೆಂಟರಿಗೂ, ನಮ್ಮ ದುರ್ಗಿಗುಡಿ, ವಿನೋಬನಗರದವರಿಗೂ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಈಗಂತೂ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳ್ಕೊಂಡಿರೋ ಗಾಡಿಗೆ 'ವಿಂಟೇಜ್' ಅಂತ ಬೇರೆ ನೋಂದಣಿ ಮಾಡಿಸೋ ನಿಯಮವನ್ನೇ ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಹಾಗಾಗಿ ಇವು ಇನ್ನೂ ಒಂದಷ್ಟು ಕಾಲ ನಮ್ಮ ಶೆಡ್ಡುಗಳಲ್ಲಿ ಇರ್ತಾವೆ. ಇಟ್ಕೊಳೋದಾದ್ರೆ ಸರಿಯಾಗಿ ಇಟ್ಕೊಳೋಣ ಅಂತ.

ಈಗ ಒಳಗೆ ಏನಿದೆ ನೋಡೋಣ. ಬ್ರೇಕಿನ ಡ್ರಮ್ಮು ಅಂದ್ರೆ ದಪ್ಪ ಅಂಚಿನ ಒಂದು ಬೋಗುಣಿ ಇದ್ದ ಹಾಗೆ, ಪಕ್ಕಕ್ಕೆ ಮಗುಚಿ ನಿಲ್ಲಿಸಿದ್ದು. ಅದು ಚಕ್ರದ ಜೊತೆಗೇ ತಿರುಗತ್ತೆ. ಅದರ ಹೊಟ್ಟೆಯೊಳಗೆ ಅರ್ಧಚಂದ್ರದ ಹಾಗಿರೋ ಎರಡು ಶೂ ಇರ್ತಾವೆ, ಅವಕ್ಕೆ ಲೈನರ್ ಅಂಟಿಸಿರ್ತಾರೆ. ಬ್ರೇಕ್ ತುಳಿದ್ರೆ ಎಣ್ಣೆಯ ಒತ್ತಡಕ್ಕೆ ಶೂಗಳು ಅಗಲವಾಗಿ ಬೋಗುಣಿಯ ಒಳಮೈಗೆ ಒತ್ಕೊಳ್ತಾವೆ, ಗಾಡಿ ನಿಲ್ಲತ್ತೆ. ಕಾಲು ತೆಗೆದ್ರೆ ಸ್ಪ್ರಿಂಗು ಅವನ್ನ ಹಿಂದಕ್ಕೆ ಎಳ್ಕೊಳತ್ತೆ. ಹ್ಯಾಂಡ್‌ಬ್ರೇಕ್ ಎಳೆದ್ರೆ ಹಿಂದಿನ ಚಕ್ರದ ಶೂಗಳನ್ನ ಒಂದು ಕೇಬಲ್ಲು ಅಗಲ ಮಾಡತ್ತೆ. ಇಷ್ಟೇ. ಮಿಕ್ಸಿ ಬಿಚ್ಚಿ ನೋಡಿದವರಿಗೆ ಇದೇನು ದೊಡ್ಡ ವಿದ್ಯೆ ಅಲ್ಲ.

ಕಚ್ಚಿಕೊಳೋದಕ್ಕೆ ಮುಖ್ಯವಾಗಿ ಮೂರು ಕಾರಣ. ಮೂರಕ್ಕೂ ಮದ್ದು ಬೇರೆ ಬೇರೆ. ನಮ್ಮನೆಗಳಲ್ಲಿ ಆಗೋ ಎಡವಟ್ಟೇ ಇದು, ಯಾವ ಕಾರಣ ಅಂತ ನೋಡದೇ ಮೂರಕ್ಕೂ ಸುತ್ತಿಗೆ ಒಂದೇ ಮದ್ದು ಅನ್ಕೊಳೋದು.

ಒಂದನೇದು, ಶೂ ಡ್ರಮ್ಮಿಗೆ ಅಂಟಿಕೊಳೋದು. ಒದ್ದೆ ಗಾಡೀನ ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಲೈನರಿಗೂ ಡ್ರಮ್ಮಿಗೂ ನಡುವೆ ತುಕ್ಕು ಕಟ್ಟಿ ಎರಡೂ ಒಂದಾಗ್ಬಿಡತ್ತೆ. ಇದರ ಗುರುತು, ಚಕ್ರ ತಿರುಗೋದೇ ಇಲ್ಲ. ಎರಡನೇದು, ಡ್ರಮ್ಮಿನ ನಡುವಿನ ತೂತು ಹಬ್ಬಿನ ಮೇಲೆ ಕೂರೋ ಜಾಗದಲ್ಲಿ ತುಕ್ಕು ಹಿಡಿಯೋದು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ತಗೊಳತ್ತೆ, ಹಾಗಾಗಿ ಆ ಸಣ್ಣ ಸಂದಿನಲ್ಲಿ ಆಪು ಹೊಡೆದ ಹಾಗೆ ಬಿಗಿಯಾಗತ್ತೆ. ಗುರುತು, ಚಕ್ರ ಸಲೀಸಾಗಿ ತಿರುಗತ್ತೆ, ಆದ್ರೆ ಡ್ರಮ್ಮು ಕೂದಲೆಳೆಯಷ್ಟೂ ಹೊರಗೆ ಬರಲ್ಲ. ಮೂರನೇದು, ವರ್ಷಗಟ್ಟಲೆ ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆದು ಹಳ್ಳವಾಗಿರತ್ತೆ, ಅಂಚು ಮಾತ್ರ ಸವೆಯದೇ ಏಣಾಗಿ ನಿಂತಿರತ್ತೆ. ಶೂ ಆ ಹಳ್ಳದೊಳಗೆ ಕೂತಿರತ್ತೆ. ಡ್ರಮ್ಮು ಎಳೆದ್ರೆ ಸ್ವಲ್ಪ ಮುಂದೆ ಬಂದು ಟಕ್ ಅಂತ ನಿಲ್ಲತ್ತೆ, ಓರೆಯಾಗಿ ಅಲ್ಲಾಡತ್ತೆ, ಆದ್ರೆ ಈಚೆಗೆ ಬರಲ್ಲ. ಬಾಯಿ ಸಣ್ಣಗಿರೋ ಭರಣಿಯೊಳಗೆ ಮುಷ್ಟಿ ಕಟ್ಟಿದ ಕೈ ಸಿಕ್ಕಿಕೊಂಡ ಹಾಗೆ.

ಇಷ್ಟು ಗೊತ್ತಿದ್ರೆ ಸಾಕು, ಹೊರಗೆ ನಿಂತೇ ಕೇಳಬಹುದು. "ಚಕ್ರ ತಿರುಗತ್ತಾ? ಡ್ರಮ್ಮು ಸ್ವಲ್ಪನಾದ್ರೂ ಅಲ್ಲಾಡತ್ತಾ?" ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಕಾಯಿಲೆ ಯಾವುದು ಅಂತ ಹೆಚ್ಚು ಕಡಿಮೆ ಗೊತ್ತಾದ ಹಾಗೆ.

ಇನ್ನು ಸುತ್ತಿಗೆ ಯಾಕೆ ಬೇಡ ಅಂತ. ಈ ಡ್ರಮ್ಮು ಮಾಡೋದು ಬೀಡಿನಿಂದ, ಅಂದ್ರೆ ಎರಕದ ಕಬ್ಬಿಣದಿಂದ. ಭದ್ರಾವತಿ ಮಗಳಿಗೆ ಬೀಡು ಅಂದ್ರೆ ಏನು ಅಂತ ಯಾರೂ ಹೇಳ್ಕೊಡೋದು ಬೇಡ. ಕೆಮ್ಮಣ್ಣುಗುಂಡಿಯ ಅದಿರು ತಂದು, ನಮ್ಮ ಕಾಡಿನ ಕಟ್ಟಿಗೆಯ ಇದ್ದಿಲಲ್ಲಿ ಕಬ್ಬಿಣ ಕರಗಿಸೋಕೆ 1923ರಲ್ಲಿ ಶುರು ಮಾಡಿದ ಊರದು. ವಿಶ್ವೇಶ್ವರಯ್ಯನವರು ನಿಂತು ನಡೆಸಿದ ಕಾರ್ಖಾನೆ ಇರೋ ಊರು. ಈಗಲೂ ಭದ್ರಾವತಿ ರಸ್ತೆ ಮಾಚೇನಹಳ್ಳಿ ಕಡೆ ಎರಕದ ಕಾರ್ಖಾನೆಗಳಿದಾವೆ. ಬೀಡಿನಲ್ಲಿ ನೂರಕ್ಕೆ ಎರಡು ಪಾಲಿಗಿಂತ ಜಾಸ್ತಿ ಇಂಗಾಲ ಇರತ್ತೆ. ಅದು ಒಳಗೆ ಸಣ್ಣ ಸಣ್ಣ ಪದರವಾಗಿ ಕೂತಿರೋದ್ರಿಂದ ಬೀಡು ಬಿಸಿ ತಡ್ಕೊಳತ್ತೆ, ತಿಕ್ಕಾಟ ತಡ್ಕೊಳತ್ತೆ, ಆದ್ರೆ ಪೆಟ್ಟು ತಡಿಯಲ್ಲ. ನಮ್ಮ ಬೀಡಿನ ದೋಸೆಕಾವಲಿ ನೋಡಿ, ಮೂವತ್ತು ವರ್ಷ ಒಲೆ ಮೇಲೆ ಇದ್ರೂ ಏನಾಗಲ್ಲ, ಒಂದು ಸಲ ಕಲ್ಲಿನ ನೆಲದ ಮೇಲೆ ಕೈತಪ್ಪಿ ಬಿದ್ರೆ ಎರಡು ಹೋಳು. ಉಕ್ಕಾದ್ರೆ ಬಗ್ಗತ್ತೆ, ಬೀಡು ಒಡೆಯತ್ತೆ. ಡ್ರಮ್ಮಿನ ಅಂಚಿಗೆ ದೊಡ್ಡ ಸುತ್ತಿಗೆಯಿಂದ ಬಾರಿಸಿದ್ರೆ ಅಂಚು ಚಿಪ್ಪೇಳತ್ತೆ. ಇಲ್ಲಾಂದ್ರೆ ಕಣ್ಣಿಗೆ ಕಾಣದ ಬಿರುಕು ಬಿಡತ್ತೆ. ಆ ಬಿರುಕು ಬಿಟ್ಟ ಡ್ರಮ್ಮೇ ನಾಳೆ ಆಗುಂಬೆ ಘಾಟಿ ಇಳಿಯೋವಾಗ ನಮ್ಮನ್ನ ಹಿಡಿದು ನಿಲ್ಲಿಸಬೇಕಾಗಿರೋದು. ಅದನ್ನ ನೆನೆಸ್ಕೊಂಡ್ರೆ ಸುತ್ತಿಗೆ ತಾನಾಗೇ ಕೆಳಗೆ ಇಳಿಯತ್ತೆ.

ಹಾಗಾದ್ರೆ ಬಿಡಿಸೋದು ಹೇಗೆ? ನಮಗೆ ಗೊತ್ತಿರೋದೇ. ಒಂದರೊಳಗೊಂದು ಸಿಕ್ಕಿಕೊಂಡ ಎರಡು ಸ್ಟೀಲ್ ಲೋಟನ ಯಾರಾದ್ರೂ ಸುತ್ತಿಗೆ ತಗೊಂಡು ಬಿಡಿಸ್ತೀವಾ? ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನ ಬಿಸಿನೀರಲ್ಲಿ ಇಟ್ರೆ ತಾನಾಗೇ ಬರತ್ತೆ. ಹೊರಗಿಂದು ಹಿಗ್ಗತ್ತೆ, ಒಳಗಿಂದು ಕುಗ್ಗತ್ತೆ. ಕೈಗೆ ಬಿಗಿಯಾದ ಬಳೆಗೆ ಸೋಪು ಹಚ್ತೀವಿ. ಮುಚ್ಚಳ ಬಿಗಿಯಾದ ಬಾಟ್ಲಿನ ಸುತ್ತ ಮೆಲ್ಲಗೆ ತಟ್ತೀವಿ. ಬಿಸಿ, ಜಾರು, ಮೆಲ್ಲನೆ ತಟ್ಟೋದು, ಕಾಯೋದು. ಡ್ರಮ್ಮಿಗೂ ಈ ನಾಲ್ಕೇ.

ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಬೇಕು. ಇದನ್ನೂ ಹೇಳ್ಬೇಕಾ ಅನ್ನಬೇಡಿ. ಒಳಗೆ ಹಿಡಿ ಇಳಿದಿರತ್ತೆ, ಆದ್ರೆ ಕೇಬಲ್ಲು ಅದರ ಕೊಳವೆಯೊಳಗೇ ತುಕ್ಕು ಹಿಡಿದು ಚಕ್ರದ ಕಡೆ ಎಳ್ಕೊಂಡೇ ಇರತ್ತೆ. ಚಕ್ರದ ಹಿಂದೆ ಕೈ ಹಾಕಿ ಕೇಬಲ್ಲು ನಿಜವಾಗಿ ಸಡಿಲ ಆಗಿದೆಯಾ ನೋಡಬೇಕು. ಆಮೇಲೆ ಅಡ್ಜಸ್ಟರ್. ಶೂಗಳನ್ನ ಡ್ರಮ್ಮಿಗೆ ಹತ್ತಿರ ಅಥವಾ ದೂರ ಮಾಡೋ ಸಾಧನ ಅದು. ಕೆಲವು ಗಾಡೀಲಿ ಚಕ್ರದ ಹಿಂದಿನ ತಟ್ಟೆಯಲ್ಲಿ ಚೌಕದ ತಲೆ ಇರತ್ತೆ, ಕೆಲವದರಲ್ಲಿ ಡ್ರಮ್ಮಿನ ಮುಖದ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಕು. ಅದನ್ನ ಸಡಿಲ ಮಾಡಿದ್ರೆ ಶೂಗಳು ಒಳಗೆ ಸರಿದು, ಮೂರನೇ ಥರದ್ದು, ಅದೇ ಏಣಿಗೆ ಸಿಕ್ಕಿಕೊಂಡ ಡ್ರಮ್ಮು, ಹೆಚ್ಚು ಸಲ ಕೈಯಲ್ಲೇ ಬಂದುಬಿಡತ್ತೆ. ಭರಣಿಯೊಳಗಿನ ಮುಷ್ಟಿ ಬಿಚ್ಚಿದ ಹಾಗೆ. ನಮ್ಮ ನೆಂಟರೊಬ್ಬರ ಮನೇಲಿ ಎರಡು ದಿನ ಬಾರಿಸಿ ಬಾರಿಸಿ ಅಂಚು ಚಿಪ್ಪೆದ್ದ ಡ್ರಮ್ಮು, ಯಾರೋ ಹಿರಿಯರು ಬಂದು ಅಡ್ಜಸ್ಟರ್ ಸಡಿಲ ಮಾಡಿದ ಮೇಲೆ ಎರಡು ನಿಮಿಷಕ್ಕೆ ಈಚೆ ಬಂತು. ಆದ್ರೆ ಅಷ್ಟು ಹೊತ್ತಿಗೆ ಅದು ಗುಜರಿಗೆ ಮಾತ್ರ ಲಾಯಕ್ಕಾಗಿತ್ತು. ಬೇರೆ ಡ್ರಮ್ಮು ಹುಡುಕ್ಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹೋಗ್ಬೇಕಾಯ್ತು.

ಒಂದನೇ ಥರ, ಶೂ ಅಂಟಿಕೊಂಡಿದ್ರೆ, ಡ್ರಮ್ಮಿನ ಹೊರಮೈಗೆ ಒಂದೆರಡು ಚೆಂಬು ಬಿಸಿನೀರು ಹೊಯ್ದು, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ, ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಬೇಕು. ಬಹಳ ಸಲ ಟಪ್ ಅಂತ ಬಿಟ್ಕೊಳತ್ತೆ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸೋದು, ಗೇರ್ ಹಾಕಿ ಗುರ್ರ್ ಅನ್ನಿಸೋದು ಬೇಡ. ಹಾಗೆ ಮಾಡಿದ್ರೆ ಲೈನರು ಶೂವಿನಿಂದ ಕಿತ್ತು ಡ್ರಮ್ಮಿನಲ್ಲೇ ಉಳಿಯತ್ತೆ. ಗಾಡಿ ಓಡಿತು ಅಂತ ಖುಷಿ ಪಡ್ತಾರೆ, ನಿಲ್ಲಿಸೋಕೆ ಬ್ರೇಕೇ ಇರಲ್ಲ.

ಎರಡನೇ ಥರ, ಹಬ್ಬಿನ ತುಕ್ಕು, ತಾಳ್ಮೆಯ ಕೆಲಸ. ಡ್ರಮ್ಮನ್ನ ಹಬ್ಬಿಗೆ ಹಿಡಿದಿರೋ ಒಂದೆರಡು ಸಣ್ಣ ಸ್ಕ್ರೂ ಇರ್ತಾವೆ, ತುಕ್ಕು ಬಣ್ಣದಲ್ಲಿ ಕಣ್ಣಿಗೇ ಬೀಳಲ್ಲ. ಅವನ್ನ ತೆಗೆಯದೇ ಬಾರಿಸೋರೂ ಇದಾರೆ! ತಲೆಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರೇ ಬೇಕು. ಹೊಡೆದ್ರೆ ತಿರುಗೋ ಇಂಪ್ಯಾಕ್ಟ್ ಡ್ರೈವರ್ ಇದ್ರೆ ಇನ್ನೂ ಒಳ್ಳೇದು. ಆಮೇಲೆ ನಡುವಿನ ತೂತಿನ ಸುತ್ತ, ಬೋಲ್ಟುಗಳ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ನಾಲ್ಕೇ ಹನಿ ಬಿಡಬೇಕು. ರಾತ್ರಿ ಪೂರ್ತಿ ಹಾಗೇ ಬಿಡಬೇಕು. ಜಾಸ್ತಿ ಸುರಿದ್ರೆ ಅದು ಒಳಗಿಳಿದು ಲೈನರಿಗೆ ಹತ್ತಿದ್ರೆ ಲೈನರು ಹಾಳು, ಎಣ್ಣೆ ಕುಡಿದ ಲೈನರಿಗೆ ಮತ್ತೆ ಹಿಡಿತ ಬರಲ್ಲ. ಬೆಳಗ್ಗೆ ಎದ್ದು ಮರದ ತುಂಡು ಅಡ್ಡ ಇಟ್ಟು, ಡ್ರಮ್ಮಿನ ಮುಖದ ಮೇಲೆ, ಬೋಲ್ಟುಗಳ ನಡುವಿನ ಜಾಗದಲ್ಲಿ ಸುತ್ತು ಹಾಕ್ತಾ ತಟ್ಟಬೇಕು. ಅಂಚಿಗೆ ಬೇಡ, ಬೋಲ್ಟಿನ ತಲೆಗೂ ಬೇಡ. ಕೆಲವು ಡ್ರಮ್ಮಿನ ಮುಖದಲ್ಲಿ ಮರೆ ಇರೋ ಖಾಲಿ ತೂತು ಎರಡಿರತ್ತೆ. ಅದಕ್ಕೆ ಸರಿಯಾದ ಬೋಲ್ಟು ಹಾಕಿ ಇದನ್ನ ಅರ್ಧ ಸುತ್ತು, ಅದನ್ನ ಅರ್ಧ ಸುತ್ತು ಬಿಗಿ ಮಾಡ್ತಾ ಹೋದ್ರೆ ಡ್ರಮ್ಮು ತಾನೇ ಹೊರಗೆ ತಳ್ಕೊಂಡು ಬರತ್ತೆ. ಮಾಡಿದವರೇ ಅದಕ್ಕೆ ಅಂತ ಇಟ್ಟಿರೋ ತೂತು ಅದು.

ಅದಕ್ಕೂ ಬರದಿದ್ರೆ ಬಿಸಿ. ನಡುವಿನ ತೂತಿನ ಸುತ್ತ ಮಾತ್ರ, ಒಂದೇ ಕಡೆ ಕಾಯಿಸದೇ ಸುತ್ತಿಸ್ತಾ. ಇಲ್ಲಿ ನನ್ನದು ಗಟ್ಟಿ ಮಾತು. ಬೆಂಕಿಯ ಬ್ಲೋ ಲ್ಯಾಂಪು ನಮ್ಮ ಅಂಗಳದಲ್ಲಿ ಬೇಡ, ಅದು ಗ್ಯಾರೇಜಿನವರ ಕೆಲಸ. ಎಣ್ಣೆ ಬಿಟ್ಟಿರ್ತೀವಿ, ಒಳಗೆ ಬ್ರೇಕ್ ಆಯಿಲು, ರಬ್ಬರು ಇರತ್ತೆ, ಮೇಲೆ ಪೆಟ್ರೋಲ್ ಟ್ಯಾಂಕು. ಮನೇಲಿ ಆಗೋದಿದ್ರೆ ಕುದಿಯೋ ನೀರಿನಷ್ಟು ಬಿಸಿಯಲ್ಲಿ ಆಗಲಿ, ಆಗದಿದ್ರೆ ಬೇಡ.

ಇನ್ನೊಂದು ಜಾತಿ ಇದೆ. ಕೆಲವು ಹಳೇ ಗಾಡಿಗಳಲ್ಲಿ ಹಿಂದಿನ ಡ್ರಮ್ಮು, ಹಬ್ಬು ಎರಡೂ ಒಂದೇ ಆಗಿದ್ದು, ಮೊನೆಯ ಕಡೆ ಸಣ್ಣಗಾಗ್ತಾ ಹೋಗೋ ಆಕ್ಸಲ್ ಮೇಲೆ ಬಿಗಿಯಾಗಿ ಕೂತಿರತ್ತೆ, ನಡುವೆ ದೊಡ್ಡ ನಟ್ಟು. ಕೊಡಲಿಗೆ ಕಾವು ಬಿಗಿದ ಹಾಗೆ. ಇದು ಪುಲ್ಲರ್ ಇಲ್ಲದೇ ಬರೋದೇ ಇಲ್ಲ. ಹಿಡಿದೆಳೆಯೋ ಕಾಲುಗಳಿರೋ ಒಂದು ಸಾಧನ ಅದು, ನಡುವಿನ ಸ್ಕ್ರೂ ಬಿಗಿ ಮಾಡಿದ್ರೆ ಡ್ರಮ್ಮು ಹೊರಗೆ ಎಳೆಯತ್ತೆ. ಆ ದೊಡ್ಡ ನಟ್ಟನ್ನ ಪೂರ್ತಿ ತೆಗೀಬಾರದು, ನಾಲ್ಕು ಸುತ್ತು ಸಡಿಲ ಮಾಡಿ ಅಲ್ಲೇ ಬಿಡಬೇಕು. ಯಾಕಂದ್ರೆ ಬಿಗಿ ಬಿಟ್ಟಾಗ ಡ್ರಮ್ಮು ಗುಂಡು ಹೊಡೆದ ಹಾಗೆ ಚಿಮ್ಮತ್ತೆ. ನಟ್ಟು ಇದ್ರೆ ಅಲ್ಲೇ ನಿಲ್ಲತ್ತೆ, ಇಲ್ಲಾಂದ್ರೆ ಎದುರಿಗೆ ಕೂತವರ ಎದೆಗೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದ್ರೆ ಪುಲ್ಲರ್ ಇಟ್ಕೊಂಡವರು ಸಿಗ್ತಾರೆ. ಇಂಥ ಡ್ರಮ್ಮಿಗೆ ಮನೇಲಿ ಪ್ರಯತ್ನವೇ ಬೇಡ ಅಂತ ನಾನು ಹೇಳ್ತೀನಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಡ್ರಮ್ಮು ಬರದಿದ್ರೆ ಕಾರು ನಿಂತಿರತ್ತೆ, ಅಷ್ಟೇ ನಷ್ಟ. ಆದ್ರೆ ಎರಡು ವಿಷಯದಲ್ಲಿ ಮನೆಯೇ ಹಾಳಾಗತ್ತೆ.

ಒಂದು, ಜಾಕು. ಅಂಬಾಸಿಡರ್, ಪದ್ಮಿನಿ ಎರಡೂ ಹಿಂದಿನ ಚಕ್ರದಿಂದ ಓಡೋ ಗಾಡಿಗಳು. ಹ್ಯಾಂಡ್‌ಬ್ರೇಕ್ ಹಿಡಿಯೋದೂ ಹಿಂದಿನ ಚಕ್ರನೇ, ಗೇರಲ್ಲಿ ಬಿಟ್ರೆ ತಡೆಯೋದೂ ಹಿಂದಿನ ಚಕ್ರನೇ. ಹಿಂದಿನ ಒಂದು ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿದ್ರೆ ಗಾಡಿಗೆ ಹಿಡಿತ ಅನ್ನೋದೇ ಇಲ್ಲ. ಗೇರಲ್ಲಿದೆ ಅನ್ನೋ ಧೈರ್ಯವೂ ಸುಳ್ಳು, ಎತ್ತಿದ ಚಕ್ರ ಗಾಳಿಯಲ್ಲಿ ತಿರುಗ್ತಾ ಇನ್ನೊಂದು ಚಕ್ರನ ಉರುಳೋಕೆ ಬಿಟ್ಟುಬಿಡತ್ತೆ. ಅಂಥ ಹೊತ್ತಲ್ಲೇ ಇವರು ಸುತ್ತಿಗೆಯಿಂದ ಬಾರಿಸಿ ಗಾಡಿ ಅಲ್ಲಾಡಿಸೋದು! ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಜಾಕು ಎತ್ತೋದಕ್ಕೆ ಮಾತ್ರ, ಹೊತ್ತು ನಿಲ್ಲೋದಕ್ಕಲ್ಲ. ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಡಬೇಕು, ಇಲ್ಲಾಂದ್ರೆ ಗಟ್ಟಿ ಮರದ ದಿಮ್ಮಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಖಂಡಿತ ಬೇಡ. ಅವು ಮುನ್ಸೂಚನೆ ಕೊಡದೇ ಪುಡಿಯಾಗ್ತಾವೆ. ಮಕ್ಕಳು ಮತ್ತೆ ನಾಯಿ ಒಳಗೆ. ಇಷ್ಟು ಆಗೋವರೆಗೂ ಕಾಫಿ ಕೊಡಬೇಡಿ.

ಎರಡು, ಧೂಳು. ಇದನ್ನ ಯಾರೂ ಹೇಳಲ್ಲ, ಅದಕ್ಕೇ ನಾನು ಇಷ್ಟುದ್ದ ಬರೀತಿರೋದು. ಡ್ರಮ್ಮು ಈಚೆ ಬಂದ ತಕ್ಷಣ ಒಳಗೆ ಕಪ್ಪು ಬೂದಿ ಥರ ಧೂಳು ಇರತ್ತೆ. ಸವೆದ ಲೈನರಿನ ಪುಡಿ ಅದು. ಹಳೇ ಕಾಲದ ಲೈನರುಗಳಲ್ಲಿ ಬಿಸಿ ತಡ್ಕೊಳ್ಳಲಿ ಅಂತ ಕಲ್ನಾರು ಸೇರಿಸ್ತಿದ್ರು. ಮಾಡಿಗೆ ಹಾಕೋ ಕಲ್ನಾರು ಶೀಟು ಅಂತೀವಲ್ಲ, ಅದೇ ಕಲ್ನಾರು. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶದಲ್ಲೇ ಉಳ್ಕೊಳತ್ತೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಾಯಿಲೆ ಕಾಣಿಸ್ಕೊಳೋದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ್ಮೇಲೆ, ಅಷ್ಟು ಹೊತ್ತಿಗೆ ಯಾವ ಧೂಳು ಅಂತ ಯಾರಿಗೆ ನೆನಪಿರತ್ತೆ?

ಇಲ್ಲಿ ನಮಗೆ ಸಂಬಂಧಪಟ್ಟಿದ್ದು ಏನಂದ್ರೆ, ಈ ಕಾಯಿಲೆ ಕಾರ್ಖಾನೆಯೊಳಗೆ ದುಡಿದವರಿಗೆ ಮಾತ್ರ ಬಂದಿದ್ದಲ್ಲ. 1965ರಲ್ಲೇ ಲಂಡನ್ನಿನ ಇಬ್ಬರು ವೈದ್ಯ ಸಂಶೋಧಕರು, ನ್ಯೂಹೌಸ್ ಮತ್ತೆ ಥಾಂಪ್ಸನ್ ಅನ್ನೋರು, ರೋಗಿಗಳ ಪೂರ್ವಾಪರ ಕೆದಕಿ ನೋಡಿದ್ರು. ಕಲ್ನಾರಿನ ಕೆಲಸವನ್ನೇ ಮಾಡದ ಹೆಂಗಸರಿಗೂ ಆ ಕ್ಯಾನ್ಸರ್ ಬಂದಿತ್ತು. ಅವರು ಮಾಡಿದ್ದಿಷ್ಟೇ, ಗಂಡ ಕೆಲಸದಿಂದ ತಂದ ಬಟ್ಟೆ ಕೊಡವಿ ಒಗೆದಿದ್ದು. ಇದನ್ನ ಓದಿದ ಮೇಲೆ ನಮ್ಮ ಒಗೆಯೋ ಕಲ್ಲು ನನಗೆ ಬೇರೆ ಥರ ಕಾಣಿಸೋಕೆ ಶುರುವಾಯ್ತು.

ಹೆದರಿಸ್ತಿಲ್ಲ ಮಾರಾಯ್ತೀರಾ. ಒಂದು ಸಲ ಡ್ರಮ್ಮು ಬಿಚ್ಚಿದ ತಕ್ಷಣ ಕಾಯಿಲೆ ಬಂತು ಅಂತ ಅಲ್ಲ. ದಿನಾ ಆ ಧೂಳಲ್ಲೇ ಇರೋ ಮೆಕ್ಯಾನಿಕ್‌ಗಳಿಗೂ ನಮಗೂ ಬಹಳ ವ್ಯತ್ಯಾಸ ಇದೆ. ಆದ್ರೆ ತಪ್ಪಿಸೋದು ಇಷ್ಟು ಸುಲಭ ಇರೋವಾಗ ಯಾಕೆ ಉಸಿರಿಗೆ ಎಳ್ಕೊಬೇಕು? ಬಾಯಲ್ಲಿ ಉಫ್ ಅಂತ ಊದಬಾರದು. ಗಾಳಿ ಹೊಡೆಯೋ ಪಂಪು ಹಿಡಿಯಬಾರದು. ಒಣ ಪೊರಕೆ ಬೇಡ. ಗಿಡಕ್ಕೆ ನೀರು ಚಿಮುಕಿಸೋ ಬಾಟ್ಲಿಯಿಂದ ಧೂಳು ನೆನೆಯೋ ಹಾಗೆ ಮಾಡಿ, ಒದ್ದೆ ಹಳೇ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆನ ಒದ್ದೆಯಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಬಿಸಾಕಬೇಕು. ಕೆಲಸದ ಬಟ್ಟೆ ಹೊರಗೇ ಬಿಚ್ಚಬೇಕು, ಕೊಡವದೇ ನೇರ ನೀರಿನ ಬಕೆಟ್ಟಿಗೆ. ಮಕ್ಕಳ ಬಟ್ಟೆ ಜೊತೆ ಸೇರಿಸಬಾರದು. ಬಿಚ್ಚಿದವರೇ ನೆನೆಸಲಿ, ಬಿಚ್ಚಿದವರೇ ಒಗೀಲಿ ಅನ್ನೋದು ನಮ್ಮನೆಯ ಕಾನೂನು. ಹೊಸ ಲೈನರ್ ತರೋವಾಗ ಕಲ್ನಾರು ಇಲ್ಲದ್ದು ಕೇಳಿ ತರಬೇಕು.

"ಇಷ್ಟೆಲ್ಲ ರಗಳೆ ಯಾಕೆ, ಗುಜರಿಗೆ ಹಾಕಿ ಅಂದ್ರೆ ಆಯ್ತು" ಅಂತ ನಮ್ಮ ಅತ್ತಿಗೆ ಹೇಳ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ. ವರ್ಷಕ್ಕೊಂದು ಸಲ ಪೂಜೆಗೆ ಮಾತ್ರ ಹೊರಗೆ ಬರೋ ಕಾರು, ಅದರ ಹಿಂದೆ ನಾಲ್ಕು ಭಾನುವಾರ, ಯಾರಿಗೆ ಬೇಕು? ಆದ್ರೆ ನನಗನ್ನಿಸೋದು, ಡ್ರಮ್ಮು ಕಚ್ಚಿಕೊಳೋದು ಕಾರು ಹಳೇದು ಅಂತಲ್ಲ, ನಿಂತಿದೆ ಅಂತ. ವಾರಕ್ಕೊಂದು ಸಲ ಗಾಂಧಿ ಬಜಾರಿಗೆ ತರಕಾರಿ ತರೋಕೆ ಹೋಗಿ ಬರೋ ಅಂಬಾಸಿಡರಿಗೆ ಈ ಕಾಯಿಲೆ ಬರೋದು ಅಪರೂಪ. ಉಪಯೋಗಿಸೋದಾದ್ರೆ ಇರಲಿ. ನೋಡೋಕೆ ಮಾತ್ರ ಅಂದ್ರೆ ನಾನೂ ಅತ್ತಿಗೆ ಪಕ್ಷವೇ.

"ಮೆಕ್ಯಾನಿಕ್‌ಗೆ ಕೊಟ್ರೆ ಮುಗೀತಲ್ಲ" ಅನ್ನೋರಿಗೆ, ಕೊಡಿ, ಒಳ್ಳೇದೇ. ಆದ್ರೆ ಅಲ್ಲೂ ಎರಡು ಮಾತು ಕೇಳ್ಕೊಂಡು ಕೊಡಿ. ಮೊದಲು ಅಡ್ಜಸ್ಟರ್ ಸಡಿಲ ಮಾಡಿ ಅನ್ನಿ, ಧೂಳು ಗಾಳಿಯಲ್ಲಿ ಊದಬೇಡಿ ಅನ್ನಿ. ಆ ಹುಡುಗರ ಮನೇಲೂ ಬಟ್ಟೆ ಒಗೆಯೋರು ಇದಾರೆ. ತೆಗೆದ ಡ್ರಮ್ಮನ್ನ ಎತ್ತಿ ಹಿಡಿದು ಮೆಲ್ಲಗೆ ಬಾರಿಸಿ ನೋಡೋಕೂ ಹೇಳಿ. ಸಂತೆಯಲ್ಲಿ ಮಡಕೆ ತಗೊಳೋವಾಗ ನೋಡಲ್ವಾ, ಹಾಗೆ. ಗಂಟೆ ಥರ ಅಂದ್ರೆ ಸರಿ, ಡಬ್ ಅಂದ್ರೆ ಬಿರುಕಿರಬಹುದು. ಮತ್ತೆ ಕೂರಿಸೋವಾಗ ಹಬ್ಬಿನ ಮೇಲಿನ ತುಕ್ಕು ಉಜ್ಜಿ ತೆಗೆದು, ಡ್ರಮ್ಮು ಕೂರೋ ಜಾಗಕ್ಕೆ ಮಾತ್ರ ತೆಳ್ಳಗೆ ಒಂದು ಬೆರಳು ಗ್ರೀಸು ಸವರಿದ್ರೆ ಮುಂದಿನ ಸಲ ಕೈಯಲ್ಲೇ ಬರತ್ತೆ. ಲೈನರು ತಾಗೋ ಒಳಮೈಗೆ ಮಾತ್ರ ಗ್ರೀಸಿನ ಬೆರಳೂ ತಾಗಬಾರದು. ಎಲ್ಲ ಕೂರಿಸಿದ ಮೇಲೆ, ಗಾಡಿ ಅಲ್ಲಾಡೋ ಮುಂಚೆ, ಬ್ರೇಕು ಗಟ್ಟಿಯಾಗೋವರೆಗೂ ನಾಲ್ಕೈದು ಸಲ ತುಳಿದು ನೋಡಬೇಕು. ಮೊದಲ ಪರೀಕ್ಷೆ ಅಂಗಳದಲ್ಲಿ, ರಸ್ತೆಯಲ್ಲಲ್ಲ.

ಕೊನೆಗೆ ಆಯುಧಪೂಜೆ. ಗಾಡಿಗೆ ಕೊಡಗಟ್ಟಲೆ ನೀರು ಹೊಯ್ದು ತೊಳೀತೀವಿ. ಡ್ರಮ್ಮಿನೊಳಗೂ ನೀರು ಹೋಗತ್ತೆ. ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹಣ್ಣಿನ ಮೇಲೆ ಹತ್ತಿಸಿ, ಶೆಡ್ಡಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಬೀಗ ಹಾಕ್ತೀವಿ. ಮುಂದಿನ ವರ್ಷದ ಢಣ್ ಢಣ್ ಶುರುವಾಗೋದು ಅವತ್ತೇ. ನನ್ನ ಕೋರಿಕೆ ಇಷ್ಟು. ತೊಳೆದ ಮೇಲೆ ಗಾಡೀನ ಒಂದೆರಡು ಕಿಲೋಮೀಟರ್ ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿ ತರಲಿ. ಶೆಡ್ಡಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೇ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದು ಸಲನಾದ್ರೂ, ಹೊಳವಾದ ದಿನ ನೋಡಿ, ಊರೊಳಗೆ ಒಂದು ಸುತ್ತು ಹಾಕಿಸಲಿ. ನಾವೂ ಜೊತೆಗೆ ಕೂತು ಹೋದ್ರೆ ಸುತ್ತು ತಪ್ಪಲ್ಲ.

ಅಷ್ಟು ಮಾಡಿಯೂ ಕಚ್ಚಿಕೊಂಡ್ರೆ, ಸುತ್ತಿಗೆ ಎತ್ತೋ ಮುಂಚೆ ಬಾಗಿಲಲ್ಲಿ ನಿಂತು ಮೂರು ಪ್ರಶ್ನೆ ಕೇಳಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಾಯ್ತಾ? ಅಡ್ಜಸ್ಟರ್ ಸಡಿಲ ಮಾಡಾಯ್ತಾ? ಆ ಬಟ್ಟೆ ಯಾರು ಒಗೀತಾರೆ? ಮೂರಕ್ಕೂ ಸರಿಯಾದ ಉತ್ತರ ಬಂದ್ರೆ ಆಮೇಲೆ ಕಾಫಿ ಇಡಿ.